ನಮ್ಮನೆ ಸಮುದ್ರಕ್ಕೆ ಜಂತುಹುಳ

ದಾವಣಗೆರೆಯಲ್ಲಿ ಕೂತ್ಕೊಂಡು ಸಮುದ್ರದ ಮೀನು, ಹವಳ ಸಾಕೋ ಉಪ್ಪುನೀರಿನ ಟ್ಯಾಂಕ್ ಇಟ್ಟಿದೀನಿ ಅಂದ್ರೆ ಎಲ್ರೂ ನಗ್ತಾರೆ, ನಗ್ಲಿ ಬಿಡ್ರಿ. ಬೋರ್ ನೀರು ಸೀದಾ ಹಾಕಂಗಿಲ್ಲ, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸ್ಬೇಕು, ಏಪ್ರಿಲ್ ಬಂತಂದ್ರೆ ನೀರು ತಣ್ಣಗಿಡೋ ಚಿಲ್ಲರ್ ಬಿಲ್ಲು, ಕರೆಂಟ್ ಹೋದ್ರೆ ಇನ್ವರ್ಟರ್ ಮೊದ್ಲು ಟ್ಯಾಂಕಿನ ಪಂಪಿಗೆ, ಮನೆಯವರ ಫ್ಯಾನಿಗೆ ಆಮೇಲೆ. ಇದೆಲ್ಲ ಅಭ್ಯಾಸ ಆಗೋಗೈತೆ. ಆದ್ರೆ ಇವತ್ತು ಬೆಳಿಗ್ಗೆ ವಿದ್ಯಾನಗರದ ಒಬ್ಬ ಹುಡುಗ ಫೋನ್ ಮಾಡಿ "ಅಣ್ಣಾ, ಟ್ಯಾಂಕಲ್ಲಿ ಕೆಂಪು ಫ್ಲಾಟ್‌ವರ್ಮ್ ಅನ್ನೋ ಸಣ್ಣ ಚಪ್ಪಟೆ ಹುಳ ಬಂದಾವೆ, ಯಾವ ಔಷಧಿ ಹಾಕ್ಲಿ" ಅಂದ. ಔಷಧಿ ಆಮೇಲೆ ಮಾರಾಯ, ಮೊದ್ಲು ಪೈಪ್ ಹಿಡಿದು ಹುಳ ಎಳೆದು ತೆಗಿ ಅಂದೆ. ಯಾಕಂದ್ರೆ ಹೋದ್ವರ್ಷ ನಾನೂ ಇದೇ ಪ್ರಶ್ನೆ ಕೇಳಿ ಮೀನು ಸಾಯಿಸ್ಕೊಂಡೋನು.

ನಂದು ಮೂರಡಿ ಟ್ಯಾಂಕು. ಇರೋದೆಲ್ಲ ಮಶ್ರೂಮ್, ಲೆದರ್ ಅಂಥ ಮೆತ್ತನೆ ಕೋರಲ್, ಅಂದ್ರೆ ಹವಳ. ಗಟ್ಟಿ ಕೋರಲ್ 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿ ಹುಲಿ ಜೊತೆಗೇ ಕೂತಾವೆ, ನಮ್ಮ ಕಡಲಿಂದ ಕಿತ್ತಿದ್ದನ್ನ ಯಾರಾದ್ರೂ ಕಡಿಮೆ ರೇಟಿಗೆ ಕೊಡ್ತೀನಿ ಅಂದ್ರೆ ಕೈ ಮುಗಿದು ಬಂದ್ಬಿಡ್ರಿ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಒಂದು ಮಶ್ರೂಮ್ ತರಿಸಿದ್ದೆ, ಬಣ್ಣ ನೋಡಿ ತಲೆ ಕೆಟ್ಟು ಡಿಪ್ ಗಿಪ್ (ಹುಳ ಬಿಡಿಸೋ ದ್ರಾವಣದಲ್ಲಿ ಅದ್ದೋದು) ಏನೂ ಮಾಡ್ದೆ ಬೆಳಗಿನ ಜಾವ ಸೀದಾ ಕಲ್ಲಿಗೆ ಅಂಟಿಸ್ಬಿಟ್ಟೆ. ತಿಂಗಳು ಕಳೆದ್ಮೇಲೆ ಮರಳ ಮೇಲೆ ಯಾರೋ ಮಂಡಕ್ಕಿಗೆ ಖಾರದಪುಡಿ ಉದುರಿಸ್ದಂಗೆ ಕೆಂಪು ಚುಕ್ಕಿ. ಮಾರಿದೋರಿಗೆ ಕೇಳಿದ್ರೆ "ಏನೂ ಆಗಲ್ಲ ಸರ್, ಕಾಮನ್ನು".

ಹತ್ರದಿಂದ ನೋಡಿದ್ರೆ ಅಕ್ಕಿನುಚ್ಚಿನಷ್ಟುದ್ದ, ತುಕ್ಕಿನ ಬಣ್ಣ, ಬಾಲ ಮೂರು ಕವಲು. ಮೈಯೊಳಗೇ ಪಾಚಿ ಸಾಕ್ಕೊಂಡಿರ್ತಾವೆ, ಅದಕ್ಕೇ ಲೈಟ್ ಎಲ್ಲಿ ಜಾಸ್ತಿಯೋ ಅಲ್ಲೇ ಹೋಗಿ ಹಾಸಿಗೆ ಹಾಸಿದಂಗೆ ಬೀಳ್ತಾವೆ, ಕೋರಲ್‌ಗೆ ಬೆಳಕೇ ಸಿಗಲ್ಲ. ಗಂಡು ಹೆಣ್ಣು ಹುಡುಕೋ ತಾಪತ್ರಯನೂ ಇಲ್ಲ, ಮೈ ಸೀಳ್ಕೊಂಡೇ ಎರಡಾಗ್ತಾವೆ. (ನಾವು ಫ್ಲಾಟ್‌ವರ್ಮ್ ಅಂತೀವಿ, ಈಗ ವಿಜ್ಞಾನಿಗಳು ಇವನ್ನ ಆ ಗುಂಪಿಂದಾನೇ ಹೊರಗಿಟ್ಟು ಏಸೀಲ್ ಅಂತ ಬೇರೆ ಸೇರಿಸ್ಯಾರೆ. ಹುಳಕ್ಕೇನೂ ಬೇಜಾರಾದಂಗೆ ಕಾಣ್ಲಿಲ್ಲ.)

ಒಂದಿನ ರಾತ್ರಿ ಊಟ ಮಾಡ್ಕೊಂಡು ಬಂದೋನೇ ಔಷಧಿ ಹಾಕ್ಬಿಟ್ಟೆ. ಅರ್ಧ ಗಂಟೇಲಿ ಹುಳ ಎಲ್ಲ ಹಿಡಿತ ಬಿಟ್ಟು ತೇಲಾಡಕ್ಕೆ ಶುರು, ಆಹಾ ಕೆಲಸ ಆಯ್ತು ಅಂತ ವಿಡಿಯೋ ಬೇರೆ ಮಾಡ್ದೆ. ಇವು ಸಾಯೋವಾಗ ಮೈಯಲ್ಲಿರೋ ವಿಷ ನೀರಿಗೆ ಬಿಡ್ತಾವೆ, ಹತ್ತಿಪ್ಪತ್ತು ಸತ್ರೆ ಪರ್ವಾಗಿಲ್ಲ, ಸಾವಿರ ಒಟ್ಟಿಗೆ ಸತ್ರೆ ಟ್ಯಾಂಕ್ ಪೂರ್ತಿ ವಿಷ, ಇದು ನಂಗೆ ಗೊತ್ತಿತ್ತು ಕಣ್ರೀ, ಓದಿದ್ದೆ, ಆದ್ರೂ ನಮ್ಮನೇಲಿ ಅಷ್ಟೊಂದು ಎಲ್ಲದಾವೆ ಅಂದ್ಕೊಂಡೆ. ಕಲ್ಲಿನ ಸಂದೀಲಿರೋವು ಲೆಕ್ಕಕ್ಕೆ ಬಂದಿರ್ಲಿಲ್ಲ. ಕ್ಲೌನ್ ಮೀನು ಎರಡೂ ಮೇಲಕ್ಕೆ ಬಂದು ಉಸಿರು ಎಳೀತಿದ್ವು. ನೀರಿನ ವಿಷ ಹೀರ್ಕೊಳ್ಳೋ ಇದ್ದಿಲು, ಅದೇ ಕಾರ್ಬನ್, ಡಬ್ಬ ಖಾಲಿ, ಕಲಸಿಟ್ಟ ನೀರು ಬರೀ 20 ಲೀಟರ್. ರಾತ್ರಿ ಹನ್ನೊಂದಕ್ಕೆ ಕಾರ್ಬನ್ ಎಲ್ಲಿ ಸಿಗುತ್ತೆ ದಾವಣಗೆರೇಲಿ? ಬೆಳಿಗ್ಗೆಗೆ ಒಂದೇ ಉಳಿದಿದ್ದು.

ಚಳ್ಳಕೆರೆ ಕಡೆ ಕುರಿ ಸಾಕಿರೋ ನಮ್ಮ ಮಾವ ಕೇಳಿ ಉಗಿದ್ರು, "ನಾವು ಕುರಿಗೆ ಜಂತಿನ ಔಷಧಿ ಕುಡಿಸೋವಾಗ್ಲೂ ಮೈತೂಕ ನೋಡ್ತೀವಿ, ನೀನು ಹಿಂದೆಮುಂದೆ ನೋಡ್ದೆ ಸುರ್ದೀಯಲ್ಲೋ". ತಮಾಷೆ ಏನಂದ್ರೆ ಕುರಿಗೆ ಕೊಡೋ ಲೆವಮಿಸೋಲನ್ನೇ ಈ ಹುಳಕ್ಕೂ ಬಳಸೋರು ಅದಾರೆ. ದಯವಿಟ್ಟು ವೆಟರ್ನರಿ ಅಂಗಡೀಲಿ ತಂದು ಕೈಯಳತೇಲಿ ಹಾಕ್ಬೇಡ್ರಪ್ಪ.

ಉಳಿದ ಹುಳಕ್ಕೆ ಎರಡನೇ ಸಲ ಔಷಧಿ ಹಾಕೋ ಮೊದ್ಲು ಎರಡು ವಾರ ಬರೀ ಪೈಪಲ್ಲಿ ಎಳೆದೆ. ಲೈಟ್ ಜೋರಿದ್ದಾಗ ಅವೇ ಮೇಲೆ ಬರ್ತಾವಲ್ಲ, ಆಗ ಏರ್‌ಪಂಪಿನ ಸಣ್ಣ ಪೈಪ್ ಹಿಡ್ಕೊಂಡು ಒಂದೊಂದೇ ಎಳ್ದು ಬಕೆಟ್ಟಿಗೆ. ಬಕೆಟ್ ಬಾಯಿಗೆ ಹಳೇ ಪಂಚೆ ಕಟ್ಟಿದ್ದೆ, ಎಷ್ಟು ಬಂದ್ವು ಅಂತ ಕಾಣುತ್ತೆ. ಆ ನೀರು ವಾಪಸ್ ಹಾಕ್ಲಿಲ್ಲ, ಉಪ್ಪಿನ ಖರ್ಚು ಹೋದ್ರೆ ಹೋಗ್ಲಿ. ಮೀನಿನ ಊಟನೂ ಕಮ್ಮಿ ಮಾಡ್ದೆ. ಪಂಚೆ ಮೇಲೆ ನಾಕೈದು ಹುಳ ಅನ್ನೋ ಲೆವೆಲ್ಲಿಗೆ ಬಂದ್ಮೇಲೆ, ಮೂರನೇ ಒಂದು ಭಾಗ ಹೊಸ ನೀರು, ಹೊಸ ಕಾರ್ಬನ್ ಎರಡೂ ರೆಡಿ ಇಟ್ಕೊಂಡು, ಭಾನುವಾರ ಬೆಳಿಗ್ಗೆ ಔಷಧಿ. ವಾರ ಬಿಟ್ಟು ಇನ್ನೊಂದ್ಸಲ. ಏನೂ ಆಗ್ಲಿಲ್ಲ, ಬೋರ್ ಹೊಡೆಯೋಷ್ಟು ಏನೂ ಆಗ್ಲಿಲ್ಲ.

ಹುಳ ತಿನ್ನೋ ಮೀನು ತರಲಾ ಅಂತಾನೂ ಕೇಳ್ತಾರೆ. ಸಿಕ್ಸ್‌ಲೈನ್ ರಾಸ್ ಕೆಲವು ತಿಂತಾವೆ, ಕೆಲವು ಮೂಸಿ ನೋಡಲ್ಲ, ಆಮೇಲೆ ದೊಡ್ಡ ರೌಡಿ ಆಗ್ತಾವೆ. ನೀಲಿ ವೆಲ್ವೆಟ್ ಸ್ಲಗ್ ಅಂತ ಬಸವನಹುಳದ ಜಾತೀದು ಒಂದೈತೆ, ಅದು ಇದನ್ನೇ ತಿಂದು ಬದುಕುತ್ತೆ, ಹುಳ ಮುಗಿದ್ರೆ ಉಪವಾಸ ಬಿದ್ದು ಸಾಯುತ್ತೆ. ಒಂದು ಜೀವ ತಂದು ಕೆಲಸ ಮಾಡಿಸ್ಕೊಂಡು ಸಾಯ್ಸೋದು ನಂಗಂತೂ ಮನಸ್ಸಿಗೆ ಬರಲ್ಲ.

ಆ ಹುಡುಗ ಸಂಜೆ ಫೋಟೋ ಕಳ್ಸಿದಾನೆ, ಬಟ್ಟೆ ಮೇಲೆ ಒಂದು ಚಮಚದಷ್ಟು ಕೆಂಪಗೆ ಹುಳ. ಅವ್ರಪ್ಪನ ಒಳ್ಳೇ ಪಂಚೇನೇ ಕಟ್ಟಿದಾನಂತೆ, ಮನೇಲಿ ಜಗಳ ನಡೀತೈತೆ.