ಕಂದಾಯವೋ, ಫಾರೆಸ್ಟೋ?

ಚಿಕ್ಕಮಗಳೂರಿನ ಮಲೆನಾಡು ಕಡೆ ಜಮೀನಿನ ಮಾತು ಬಂದರೆ ಎಷ್ಟು ಎಕರೆ ಅಂತ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು "ಕಂದಾಯವೋ, ಫಾರೆಸ್ಟೋ?" ಅಂತ, ಅಂದರೆ ಜಾಗ ಕಂದಾಯ ಇಲಾಖೆಯದೋ, ಅರಣ್ಯ ಇಲಾಖೆಯದೋ ಅಂತ. ಕಂದಾಯ ಆದರೆ ತಹಸೀಲ್ದಾರರ ಹತ್ತಿರ ಹೋಗಬಹುದು, ಸಾಗುವಳಿ ಸಕ್ರಮ ಮಾಡಿ ಅಂತ ಫಾರಂ 57 ಅರ್ಜಿ ಹಾಕಿದ್ದರೆ ಅದನ್ನು ತೀರ್ಮಾನಿಸುವ ಬಗರ್ ಹುಕುಂ ಕಮಿಟಿ ಯಾವಾಗ ಸೇರುತ್ತೋ ಅಂತ ಕಾಯಬಹುದು. ಅರಣ್ಯ ಆದರೆ ನೋಟಿಸ್ ಬರುತ್ತದೆ, ಅದರಲ್ಲಿ ನೀವು ಒತ್ತುವರಿದಾರ. ಮನೆ, ಬಾವಿ, ಅಜ್ಜ ನೆಟ್ಟ ಹಲಸು ಎಲ್ಲ ಇದ್ದಲ್ಲೇ ಇರುತ್ತವೆ.

ಇವೆರಡರ ನಡುವೆ ಸಿಕ್ಕವರ ಪಾಡು ಇನ್ನೂ ಕಷ್ಟ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಂದರೆ, ಈ ಜಾಗವನ್ನು ಮೀಸಲು ಅರಣ್ಯ ಮಾಡಬೇಕು ಅಂತಿದ್ದೇವೆ ಎನ್ನುವ ಪ್ರಕಟಣೆ, ಅಷ್ಟೇ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಅಲ್ಲಿರುವವರ ಹಕ್ಕಿನ ಅರ್ಜಿ ಕೇಳಿ ತೀರ್ಮಾನಿಸಬೇಕು, ಅದು ಮುಗಿದ ಮೇಲೆ ಸೆಕ್ಷನ್ 17ರಲ್ಲಿ ಮೀಸಲು ಅರಣ್ಯ ಅಂತ ಘೋಷಣೆ. ಎಷ್ಟೋ ಕಡೆ ಈ ವಿಚಾರಣೆ ದಶಕಗಳಿಂದ ಮುಗಿದಿಲ್ಲ. ಆದರೆ ಸೆಕ್ಷನ್ 4 ಆದ ದಿನದಿಂದಲೇ ಅಲ್ಲಿ ಹೊಸ ಹಕ್ಕು ಹುಟ್ಟುವ ಹಾಗಿಲ್ಲ.

ಇದರ ಮೇಲೆ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗ. 1996ರಲ್ಲಿ ಸುಪ್ರೀಂ ಕೋರ್ಟ್, ನಿಘಂಟಿನ ಅರ್ಥಕ್ಕೆ ಹೊಂದುವ ಕಾಡೆಲ್ಲ ಅರಣ್ಯವೇ, ಒಡೆತನ ಯಾರದ್ದೇ ಇರಲಿ ಅಂದಿತು. ನಮ್ಮ ರಾಜ್ಯ 9.94 ಲಕ್ಷ ಹೆಕ್ಟೇರ್ ಪಟ್ಟಿ ಮಾಡಿತು, 2022ರಲ್ಲಿ ಅದನ್ನೇ 3.3 ಲಕ್ಷಕ್ಕೆ ಇಳಿಸಿತು. ನೆಲದ ಮೇಲೆ ಒಂದು ಮರವೂ ಅಲ್ಲಾಡಲಿಲ್ಲ, ಅಲ್ವಾ?

ಹಾಗಂತ ನಾನು ಒತ್ತುವರಿ ಪರ ಅಲ್ಲ. ಕೂಲಿಯವನ ಗುಡಿಸಲನ್ನು ಮುಂದಿಟ್ಟುಕೊಂಡು, ಗೋಮಾಳಕ್ಕೆ ಬೇಲಿ ಹಾಕಿಕೊಂಡ ಎಸ್ಟೇಟಿನವರೂ ಇದೇ ಮಾತಾಡುತ್ತಾರೆ, ಗೊತ್ತು. ಅವರಿಗೆ ದಾರಿಯೂ ಆಗಿದೆ. ಕಾಫಿ ಹಾಕಿದ ಸರ್ಕಾರಿ ಕಂದಾಯ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೇ ತಿದ್ದುಪಡಿ ಬಂತು. ಒತ್ತುವರಿದಾರ ಹೋಗಿ ಗುತ್ತಿಗೆದಾರ ಆದ ಹಾಗೆ. ಗುಡಿಸಲಿನವನಿಗೆ ಇಷ್ಟು ಬೇಗ ಏನೂ ಆಗಲಿಲ್ಲ.

ಕಡೂರು, ಅರಸೀಕೆರೆ ಕಡೆಯ ತಾಂಡಾ, ಗೊಲ್ಲರಹಟ್ಟಿಗಳದ್ದು ಇನ್ನೊಂದು ಕಥೆ. ಓಟು, ರೇಷನ್ ಕಾರ್ಡ್ ಎಲ್ಲ ಇದ್ದರೂ ಕಂದಾಯ ದಾಖಲೆಯಲ್ಲಿ ಎಷ್ಟೋ ಹಟ್ಟಿಗಳು ಊರೇ ಆಗಿರಲಿಲ್ಲ. ಕಾಯ್ದೆ ತಿದ್ದಿ, ಅವನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ಶುರು ಮಾಡಿದ ಮೇಲೆ ಮನೆಯಡಿಯ ಜಾಗ ಅವರದ್ದಾಗುತ್ತಿದೆ. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತು.

ಹಾಗಾದರೆ ಮಲೆನಾಡಿನಲ್ಲೂ ಸೆಕ್ಷನ್ 4ರ ವಿಚಾರಣೆ ಮುಗಿಸಿ. ಎರಡೂ ಇಲಾಖೆಯವರು ಸೇರಿ ಊರವರ ಎದುರೇ ಜಂಟಿ ಸರ್ವೆ ಮಾಡಿ. ತೀರ್ಮಾನ ನಮ್ಮ ವಿರುದ್ಧ ಬಂದರೂ ಪರವಾಗಿಲ್ಲ, ಬರೆದು ಕೊಡಿ. ಈಗ ಅಪೀಲು ಹೋಗೋಣ ಅಂದರೆ ಕೈಯಲ್ಲಿ ಆದೇಶವೇ ಇಲ್ಲ.