ಸುಸ್ವರಳಿಗೆ ಗಂಡು ಬೇಕಾಗಿದೆ

ಹೈಫೈಮ್ಯಾನ್ ಎಂಬ ಕಂಪನಿ 2017ರಲ್ಲಿ ಒಂದು ಹೆಡ್‌ಫೋನ್ ಬಿಟ್ಟಿತು. ಹೆಸರು ಸುಸ್ವರ. ಬೆಲೆ ಆಗ 6000 ಡಾಲರ್. ಇಂದಿನ ಲೆಕ್ಕಕ್ಕೆ ಐದು ಲಕ್ಷ ರೂಪಾಯಿ ದಾಟುತ್ತದೆ, ಕಸ್ಟಮ್ಸ್ ದಕ್ಷಿಣೆ ಬೇರೆ. ಇಷ್ಟು ಸುರಿದು ಮನೆಗೆ ತಂದು, ಫೋನಿಗೆ ಸಿಕ್ಕಿಸಿ, ವಾಲ್ಯೂಮನ್ನು ತುದಿ ಮುಟ್ಟಿಸಿದರೂ ಆಕೆಯ ಮಾತು ಹೆಣ್ಣು ನೋಡಲು ಬಂದವರ ಮುಂದೆ ಹೆಸರು ಹೇಳಿದಷ್ಟು ಮೆಲ್ಲಗೆ. ಹಿಂಬದಿಯೆಲ್ಲ ಜಾಲರಿ ಇರುವ ತೆರೆದ ಹೆಡ್‌ಫೋನ್ ಆದ್ದರಿಂದ ಪಕ್ಕದ ಮನೆಯ ಕುಕ್ಕರಿನ ಸೀಟಿ ಮಾತ್ರ ಬಲು ಸ್ಪಷ್ಟ.

ತಯಾರಕರೇ ಕೊಟ್ಟ ಅಂಕಿ ಇದು: ಒಂದು ಮಿಲಿವಾಟ್ ಕೊಟ್ಟರೆ 83 ಡೆಸಿಬೆಲ್, ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 60 ಓಮ್. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಇಯರ್‌ಫೋನ್ ಅಷ್ಟೇ ಮಿಲಿವಾಟಿಗೆ 100ರ ಆಸುಪಾಸಿನಲ್ಲಿ ಕೂಗುತ್ತದೆ. ಮಿಕ್ಸಿಯೋ ಫ್ಯಾನೋ ಹೀಗೆ ಸೋಮಾರಿಯಾಗಿದ್ದರೆ ಅಂಗಡಿಗೆ ಹೋಗಿ ಜಗಳವಾಡಿ ವಾಪಸ್ ಕೊಟ್ಟು ಬರುತ್ತಿದ್ದೆವು. ಇಲ್ಲಿ ಅದೇ ಸೋಮಾರಿತನಕ್ಕೆ ಕುಲೀನತೆ ಎಂದು ಹೆಸರು. ‘ಇದನ್ನ ಡ್ರೈವ್ ಮಾಡೋದು ತುಂಬಾ ಕಷ್ಟ ಕಣ್ರೀ’ ಎಂದು ಮಾಲೀಕರು ಹೇಳುವಾಗ ಅವರ ಮುಖ ನೋಡಬೇಕು. ಮಗಳಿಗೆ ಅಡುಗೆ ಬರುವುದಿಲ್ಲ ಎನ್ನುವುದನ್ನೂ ಹೊಗಳಿಕೆಯ ಹಾಗೆ ಹೇಳುವ ಹೆತ್ತವರ ಮುಖ.

ಅಂತೂ ಗಂಡು ಹುಡುಕಬೇಕು. ಸದ್ದಿಗೆ ಬಲ ತುಂಬುವ ಆಂಪ್ಲಿಫೈಯರ್, ಮುದ್ದಿನ ಹೆಸರು ಆಂಪ್, ಎಂಬ ಗಂಡು. ಮೊದಲು ಸಂಪಾದನೆ ವಿಚಾರಣೆ: ಎಷ್ಟು ವಾಟ್? ಎರಡು ಅಂದರೆ ಮುಖ ಸಿಂಡರಿಸುತ್ತಾರೆ. ಐದು ಅಂದರೆ ‘ಪರವಾಗಿಲ್ಲ, ನೋಡೋಣ’. ಕಡೆಗೆ ಯಾರೋ ದೂರದ ಸಂಬಂಧಿ ಬಂದು ‘ಮನೆ ನಡುಗಿಸುವ ಸ್ಪೀಕರ್ ಆಂಪನ್ನೇ ತಂದು ಕಟ್ಟಿ, ಆಗ ನೋಡಿ ಹುಡುಗಿ ಹೇಗೆ ಹಾಡ್ತಾಳೆ’ ಅನ್ನುತ್ತಾರೆ. ನಿಜಕ್ಕೂ ಹಾಗೆ ಕಟ್ಟಿಕೊಂಡವರಿದ್ದಾರೆ. ಹತ್ತಡಿ ದೂರದ ಪೆಟ್ಟಿಗೆಗಳನ್ನು ಗುಡುಗಿಸಲು ಹುಟ್ಟಿದ ಯಂತ್ರ ಕಿವಿಯಿಂದ ಒಂದಂಗುಲ ದೂರದಲ್ಲಿ ತೆಪ್ಪಗೆ ಸಂಸಾರ ಮಾಡುತ್ತಿರುತ್ತದೆ.

ಲೆಕ್ಕ ಹಾಕಿದರೆ ಈ ಸಂಸಾರದ ಖರ್ಚು ಅಷ್ಟೇನೂ ಇಲ್ಲ. ಇದೇ ದುಬಾರಿ ಸುಸ್ವರಳಲ್ಲಿ 110 ಡೆಸಿಬೆಲ್ ಬರಬೇಕಾದರೆ ಸಾಕಾಗುವುದು ಅರ್ಧ ವಾಟ್, ಐದೂವರೆ ವೋಲ್ಟ್. 110 ಅಂದರೆ ಕ್ಷಣಮಾತ್ರದ ಢಂ ಎನ್ನುವ ಏಟಿಗೆ. ಅಷ್ಟರಲ್ಲೇ ಕೂತು ಕೇಳಿದರೆ ಮುಂದೆ ಆಂಪ್ ಆಯ್ಕೆಯ ತಾಪತ್ರಯವೇ ಇರುವುದಿಲ್ಲ, ಕಿವಿ ವೈದ್ಯರ ಆಯ್ಕೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಆ ಮಟ್ಟದಲ್ಲಿ ಸುಸ್ವರ ತಿನ್ನುವುದು ಒಂದು ಮಿಲಿವಾಟಿಗಿಂತಲೂ ಕಡಿಮೆ. ಸೆನ್‌ಹೈಸರ್ ಕಂಪನಿಯ 2003ರ ಹೆಡ್‌ಫೋನ್ ಎಚ್‌ಡಿ 650 ತೆಗೆದುಕೊಳ್ಳಿ. 300 ಓಮ್, ಒಂದು ವೋಲ್ಟಿಗೆ 103 ಡೆಸಿಬೆಲ್. ಆಪಲ್‌ನವರು ಅಮೆರಿಕದಲ್ಲಿ ಒಂಬತ್ತು ಡಾಲರಿಗೆ ಮಾರುವ, ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ, ಇಲಿಯ ಬಾಲದಂಥ ಡಾಂಗಲ್ ಕೊಡುವುದು ಆ ಒಂದು ವೋಲ್ಟನ್ನೇ. ಆದರೆ ಡಾಂಗಲ್‌ಗೆ ತೂಕವಿಲ್ಲ, ಮುಂಭಾಗದಲ್ಲಿ ಅಲ್ಯೂಮಿನಿಯಂ ಫಲಕವಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಬರಿಗೈಯಲ್ಲಿ ಬಂದ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ?

ಸಂಪಾದನೆಯ ಮೇಲೆ ಸಾಲಾವಳಿ. ಇಂಥ ಹೆಡ್‌ಫೋನಿಗೆ ಇಂಥ ಆಂಪ್ ಕೂಡಿಬರುತ್ತದೆ, ಇಂಥದ್ದು ಬರುವುದಿಲ್ಲ. ಇದಕ್ಕೆ ‘ಸಿನರ್ಜಿ’ ಎನ್ನುತ್ತಾರೆ. ಖಾರದ ಹೆಡ್‌ಫೋನಿಗೆ ಬೆಚ್ಚನೆಯ ಆಂಪ್, ಮಂಕು ಹೆಡ್‌ಫೋನಿಗೆ ಚುರುಕು ಆಂಪ್. ಗಣ ಕೂಡಬೇಕು, ನಾಡಿದೋಷ ಇರಬಾರದು. ಕೂಡಿಬರದಿದ್ದರೆ ಪರಿಹಾರವೂ ಉಂಟು: ಕೇಬಲ್ ಬದಲಿಸುವುದು, ಕೆಳಗೆ ಹಿತ್ತಾಳೆ ಕಾಲು ಇಡುವುದು, 200 ಗಂಟೆ ಬರ್ನ್ ಇನ್ ಮಾಡುವುದು, ಅಂದರೆ ಸುಮ್ಮನೆ ಹಾಡಿಸಿ ಪಳಗಿಸುವುದು. ಜೋಯಿಸರಾದರೂ ನಲವತ್ತೆಂಟು ದಿನದ ಮಂಡಲ ಪೂಜೆ ಹೇಳುತ್ತಿದ್ದರು, ಕೊನೆಗೆ ಪ್ರಸಾದ ಸಿಗುತ್ತಿತ್ತು.

ಸಾಲಾವಳಿ ಕೂಡಿಬಂದಾಗ ಕೇಳುವ ವರ್ಣನೆಯಲ್ಲಿ ಮೊದಲನೆಯದು ‘ಪರದೆ ಸರಿದಂತಾಯಿತು’. ನನ್ನ ಅಕ್ಕನ ಮಗ, ಬೆಳ್ಳಂದೂರಿನ ಸಾಫ್ಟ್‌ವೇರಿನವನು, ಪ್ರತಿ ಹೊಸ ಆಂಪ್ ತಂದಾಗಲೂ ಫೋನ್ ಮಾಡಿ ಇದೇ ಮಾತು ಹೇಳುತ್ತಾನೆ. ಹಿಂದಿನ ಆಂಪ್ ಬಂದಾಗಲೂ ಪರದೆ ಸರಿದಿತ್ತು, ಅದರ ಹಿಂದಿನದಕ್ಕೂ ಸರಿದಿತ್ತು. ದುಶ್ಶಾಸನನಾದರೂ ಕೈಸೋತು ಕೂತಿದ್ದ. ಇವನ ಕೈ ಸೋಲುತ್ತಿಲ್ಲ, ಕ್ರೆಡಿಟ್ ಕಾರ್ಡೂ ಸೋಲುತ್ತಿಲ್ಲ. ಹೋದ ಸಲ ಅವನ ಮನೆಯಲ್ಲಿ ಕೂತು ಎರಡು ಆಂಪ್‌ಗಳನ್ನು ಹಾಕಿಕೊಂಡು ಕೇಳಿ, ‘ನನಗೆ ಎರಡೂ ಒಂದೇ ಥರ ಇದೆಯಪ್ಪ’ ಎಂದೆ. ಮರುಕದಿಂದ ನೋಡಿದ. ‘ಮಾವ, ನೀವು ಕಿವಿಯಿಂದ ಕೇಳ್ತಿದ್ದೀರಿ, ಅದೇ ಪ್ರಾಬ್ಲಮ್ಮು.’

ಅವನ ಮೇಜಿನ ಮೇಲಿನ ಮುಖ್ಯ ದೇವರು ವಾಲ್ವ್ ಆಂಪ್. ಹಚ್ಚಿದರೆ ನಾಲ್ಕು ಗಾಜಿನ ಬುರುಡೆಗಳು ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದೆ. ಗಾಜಿನ ಮೇಲೆ ಮಾಸಿದ ಅಕ್ಷರದಲ್ಲಿ ಬಿಇಎಲ್ ಎಂದಿತ್ತು. ಜಾಲಹಳ್ಳಿಯ ನಮ್ಮ ಬಿಇಎಲ್! 1960ರ ದಶಕದಲ್ಲಿ ಫಿಲಿಪ್ಸ್ ಸಹಯೋಗದಲ್ಲಿ ಅವರು ರೇಡಿಯೋ ವಾಲ್ವ್ ತಯಾರಿಸುತ್ತಿದ್ದರು. ದೇಶದ ಅದೆಷ್ಟೋ ಮನೆಗಳ ರೇಡಿಯೋ ಅವುಗಳಿಂದಲೇ ಮಾತಾಡಿದ್ದು. ಟ್ರಾನ್ಸಿಸ್ಟರ್ ಬಂದಮೇಲೆ ರಿಪೇರಿಯವರು ಅವನ್ನು ಗೋಣಿಚೀಲಕ್ಕೆ ತುಂಬಿ ಮೂಲೆಗೆ ಎಸೆದರು. ಈಗ ಅದೇ ವಾಲ್ವ್ ‘ಎನ್‌ಒಎಸ್’ ಎಂಬ ಬಿರುದು ಹೊತ್ತು, ಅಂದರೆ ಹಳೆಯ ದಾಸ್ತಾನಿನ ಹೊಸ ಸರಕು, ಯುರೋಪಿನ ಯಾವನೋ ವ್ಯಾಪಾರಿಯ ಕಪಾಟಿನಲ್ಲಿ ಕೂತು ಯೂರೋದಲ್ಲಿ ಬೆಲೆ ಕಟ್ಟಿಸಿಕೊಂಡು, ಕಸ್ಟಮ್ಸ್ ತೆತ್ತು, ಬೆಳ್ಳಂದೂರಿಗೆ ಬಂದಿಳಿದಿದೆ. ಜಾಲಹಳ್ಳಿಯ ಹುಡುಗ ಒಮ್ಮೆ ಫಾರಿನ್‌ಗೆ ಹೋಗಿ ಬಂದರೆ ವರದಕ್ಷಿಣೆ ಏರುವುದು ಹೊಸದೇನಲ್ಲವಲ್ಲ.

ವಾಲ್ವಿನ ‘ಬೆಚ್ಚನೆಯ’ ನಾದದ ಗುಟ್ಟೂ ದೊಡ್ಡ ರಹಸ್ಯವಲ್ಲ. ಹಲವು ವಾಲ್ವ್ ಆಂಪ್‌ಗಳ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪಿನದೇ ಒಳಗಿನ ತಡೆ, ಹೆಚ್ಚು. ಎಚ್‌ಡಿ 650ಯಂಥ ಹೆಡ್‌ಫೋನಿನ ಇಂಪಿಡೆನ್ಸ್ ಮಂದ್ರದ ಒಂದು ಕಡೆ 300 ಓಮಿನಿಂದ 500ರ ಹತ್ತಿರಕ್ಕೆ ಗುಡ್ಡದ ಹಾಗೆ ಏರುತ್ತದೆ. ನೂರು ಓಮಿನ ಆಂಪಿಗೆ ಅದನ್ನು ಕಟ್ಟಿದರೆ ಆ ಗುಡ್ಡದ ಮೇಲೆ ಮಂದ್ರ ಸುಮಾರು ಒಂದು ಡೆಸಿಬೆಲ್ ಎದ್ದು ನಿಲ್ಲುತ್ತದೆ. ವಾಲ್ವಿನದೇ ಒಂದಿಷ್ಟು ಡಿಸ್ಟಾರ್ಶನ್, ಅಂದರೆ ನಾದದ ವಿರೂಪ, ಅದರ ಜೊತೆ ಸೇರಬಹುದು, ಕೆಲವರಿಗೆ ಅದೂ ಹಿತ. ಹಿತವಾಗಿದ್ದರೆ ತಪ್ಪೇನೂ ಇಲ್ಲ. ನಮ್ಮ ತಂದೆಯವರ ರೇಡಿಯೋದಲ್ಲಿ ಇದೇ ಕೆಲಸಕ್ಕೆ ಟೋನ್ ಎಂಬ ಒಂದು ತಿರುಗಣೆ ಇತ್ತು, ಪುಕ್ಕಟೆ. ಲಕ್ಷದ ಆಂಪಿನಲ್ಲಿ ಅದನ್ನು ಹುಡುಕಿ ನೋಡಿ, ಸಿಗುವುದು ಅಪರೂಪ. ಬಾಸ್ ಹೆಚ್ಚಿಸುವ ತಿರುಗಣೆ ಇಡುವುದು ಆ ಕುಲದಲ್ಲಿ ಅನಾಚಾರ. ಬಾಸ್ ಹೆಚ್ಚಿಸುವ ಆಂಪನ್ನೇ ಇನ್ನೊಂದು ಕೊಳ್ಳುವುದು ಸದಾಚಾರ.

ಸಾಲಾವಳಿಯ ಗೋಜೇ ಬೇಡ ಎನ್ನುವವರಿಗಾಗಿ ಸೆನ್‌ಹೈಸರ್ 2015ರಲ್ಲಿ ಎಚ್‌ಇ 1 ಪ್ರಕಟಿಸಿತು. ಆಂಪೂ ಹೆಡ್‌ಫೋನೂ ಒಟ್ಟಿಗೇ, ಸುಮಾರು 50,000 ಯೂರೋ. ಆಂಪಿನ ಮೈ ಇಟಲಿಯ ಕರಾರಾ ಅಮೃತಶಿಲೆಯದು. ಗುಂಡಿ ಒತ್ತಿದರೆ ಎಂಟು ವಾಲ್ವ್‌ಗಳು ಶಿಲೆಯೊಳಗಿಂದ ನಿಧಾನವಾಗಿ ಮೇಲೇಳುತ್ತವೆ, ಆಮೇಲೆ ಗಾಜಿನ ಮುಚ್ಚಳ ತೆರೆದು ಹೆಡ್‌ಫೋನ್ ದರ್ಶನ ಕೊಡುತ್ತದೆ. ಮಂಗಳಾರತಿ ಒಂದು ಬಾಕಿ. ತಮಾಷೆಯೆಂದರೆ ಆಂಪಿನ ಕೊನೆಯ ಹಂತವನ್ನು ಅವರು ಹೆಡ್‌ಫೋನಿನ ಬಟ್ಟಲಿನೊಳಗೇ ಕೂರಿಸಿದ್ದಾರೆ. ಮನೆ ಅಳಿಯ.

ಇದನ್ನೆಲ್ಲ ಮೂಢನಂಬಿಕೆ ಎಂದು ನಗುವ ಇನ್ನೊಂದು ಪಂಗಡ ಉಂಟು. ಅವರು ವಿಚಾರವಾದಿಗಳು, ಅಳತೆಯವರು. ಅವರ ದೇವರ ಹೆಸರು ಸಿನಾಡ್: ಸಂಕೇತದ ಎದುರು ಗದ್ದಲ ಮತ್ತು ಡಿಸ್ಟಾರ್ಶನ್ ಎಷ್ಟು ಕೆಳಗಿವೆ ಎನ್ನುವ ಅಂಕಿ. 110 ಬಂದರೆ ಪಾಸು, 120 ಬಂದರೆ ರ‍್ಯಾಂಕು. ಈ ಅಂಕಿ ಸುಳ್ಳಲ್ಲ, ಕೆಟ್ಟ ಆಂಪನ್ನು ಇದು ಹಿಡಿದುಹಾಕುತ್ತದೆ. ಆದರೆ ಹದಿನಾರು ಬಿಟ್ಟಿನ ಸಿಡಿಯಲ್ಲಿ ಹಿಡಿಸುವುದೇ ಸುಮಾರು 96 ಡೆಸಿಬೆಲ್. 119 ಬಂದ ಆಂಪನ್ನು ಮಾರಿ 121ರದ್ದನ್ನು ಕೊಂಡವನು ಅದರಲ್ಲಿ ಕೇಳುವುದೇನು ಗೊತ್ತೇ? ಮಲ್ಲಿಕಾರ್ಜುನ ಮನ್ಸೂರರ ಹಳೆಯ ಆಕಾಶವಾಣಿ ಧ್ವನಿಮುದ್ರಣ. ತಂಬೂರಿಗಿಂತ ಮೊದಲು ಟೇಪಿನ ಸುಯ್ಯೆನ್ನುವ ಸದ್ದು, ಅದರ ಹಿಂದೆ ಸಭೆಯಲ್ಲಿ ಯಾರದೋ ಕೆಮ್ಮು, ಆಮೇಲೆ ಮನ್ಸೂರರು. ಆ ಸುಯ್ ಈಗ ಮೊದಲಿಗಿಂತ ಸ್ಫಟಿಕದಷ್ಟು ನಿರ್ಮಲವಾಗಿ ಕೇಳುತ್ತದಂತೆ.

ಎರಡೂ ಪಂಗಡದವರು ಒಂದು ವಿಷಯದಲ್ಲಿ ಮಾತ್ರ ಒಂದೇ ತಾಯಿಯ ಮಕ್ಕಳು. ಕೊಳ್ಳುವುದನ್ನು ನಿಲ್ಲಿಸುವುದಿಲ್ಲ.

ಕಣ್ಣು ಕಟ್ಟಿ ಕೇಳಿಸಿದವರು ಇರಲಿಲ್ಲವೆಂದಲ್ಲ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಇಂಜಿನಿಯರು ಸ್ಟೀರಿಯೋಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದ: ನಿಮಗೆ ಇಷ್ಟವಾದ ದುಬಾರಿ ಆಂಪ್ ತನ್ನಿ, ನನ್ನ ಅಗ್ಗದ್ದು ಅದರ ಹಾಗೇ ನುಡಿಯುವಂತೆ ಮಾಡುತ್ತೇನೆ. ತಂದರು. ಮಾಡಿದ. ಸಂಪಾದಕರು ವ್ಯತ್ಯಾಸ ಹಿಡಿಯಲಾಗದೆ ಒಪ್ಪಿಕೊಂಡರು. ಎರಡು ವರ್ಷದ ಮೇಲೆ ಸ್ಟೀರಿಯೋ ರಿವ್ಯೂ ಎಂಬ ಇನ್ನೊಂದು ಪತ್ರಿಕೆ ಅಗ್ಗದ ರಿಸೀವರಿನಿಂದ ಹಿಡಿದು ಸಾವಿರಾರು ಡಾಲರಿನ ವಾಲ್ವ್ ಆಂಪಿನವರೆಗೆ ಸಾಲಾಗಿಟ್ಟು, ಹೆಸರು ಮುಚ್ಚಿ ಕೇಳಿಸಿದಾಗಲೂ ಅದೇ ಕಥೆ. ಈ ಸುದ್ದಿ ತಿಳಿದ ಆಂಪ್ ಉದ್ಯಮ ತಲೆ ತಗ್ಗಿಸಿ ಅಂಗಡಿ ಮುಚ್ಚಿರಬೇಕು ಎಂದು ನೀವು ಭಾವಿಸಿದರೆ ನಿಮಗೆ ವ್ಯಾಪಾರ ಗೊತ್ತಿಲ್ಲ.

ನನಗೆ ಇಡೀ ಪುರಾಣದಲ್ಲಿ ಪ್ರಿಯನಾದವನು ಮತ್ತೊಬ್ಬ. ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ. ದುಬಾರಿ ಪೆಟ್ಟಿಗೆಗಳನ್ನು ಅಳೆದು ಅಳೆದು ರೇಗಿಹೋಗಿ, 2011ರಲ್ಲಿ ತಾನೇ ಓ2 ಎಂಬ ಹೆಡ್‌ಫೋನ್ ಆಂಪ್ ವಿನ್ಯಾಸ ಮಾಡಿದ. ಎರಡು ಒಂಬತ್ತು ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಭಾಗಗಳು ಬಿಡಿಬಿಡಿಯಾಗಿ ಕೊಳ್ಳಲು ಸಿಗುವಂಥವು. ನಕ್ಷೆಯನ್ನು ಪುಕ್ಕಟೆ ಬಿಟ್ಟುಕೊಟ್ಟ. ಬೆಸುಗೆ ಕಡ್ಡಿ ಹಿಡಿಯಲು ಬಲ್ಲ ಯಾರಾದರೂ ಮಾಡಿಕೊಳ್ಳಬಹುದಿತ್ತು. ಸಾವಿರಾರು ಡಾಲರಿನವುಗಳ ಪಕ್ಕ ಅಳತೆಯಲ್ಲಿ ತಲೆಯೆತ್ತಿ ನಿಂತಿತು. 2012ರಲ್ಲಿ ಮುಂದಿನ ವಿನ್ಯಾಸದ ನಡುವೆಯೇ ಆತ ಬರೆಯುವುದನ್ನು ನಿಲ್ಲಿಸಿಬಿಟ್ಟ. ಯಾರೆಂದು ಇಂದಿಗೂ ಹೊರಬಿದ್ದಿಲ್ಲ. ಅಗ್ಗದಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಸಾಬೀತು ಮಾಡಿದವನು ನಾಪತ್ತೆಯಾಗುವುದು ಇದೊಂದೇ ಕಸುಬಿನಲ್ಲಿ ನಡೆಯುವುದಲ್ಲ, ಇರಲಿ.

ಅಳಿಯನ ಪರೀಕ್ಷೆ ನಡೆದದ್ದು ಒಂದು ಭಾನುವಾರ. ಒಂದು ಕಡೆ ಅವನ ಮೂರು ಲಕ್ಷದ ಟ್ರಾನ್ಸಿಸ್ಟರ್ ಆಂಪ್, ಇನ್ನೊಂದು ಕಡೆ ನನ್ನ ಡಾಂಗಲ್, ನಡುವೆ ಎಸ್‌ಪಿ ರಸ್ತೆಯಿಂದ ತಂದ ಒಂದು ಸ್ವಿಚ್ ಬಾಕ್ಸ್, ಕಿವಿಗೆ ಅವನದೇ ಎಚ್‌ಡಿ 650. ಸದ್ದು ಎರಡರಲ್ಲೂ ಸಮ ಇರಬೇಕು ಎಂದು ಪಟ್ಟು ಹಿಡಿದೆ. ಕೂದಲೆಳೆಯಷ್ಟು ಜೋರಾಗಿರುವುದೇ ಮನುಷ್ಯನ ಕಿವಿಗೆ ‘ಉತ್ತಮ’ ಎಂದು ಕೇಳುತ್ತದೆ. ಸದ್ದು ಏರಿದಂತೆ ಮಂದ್ರ ತುಂಬಿಕೊಂಡಂತೆ ಭಾಸವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಆಂಪಿನಲ್ಲಿರುವ ‘ಬ್ಯಾಲೆನ್ಸ್ಡ್’ ಎಂಬ ಇನ್ನೊಂದು ಕಿಂಡಿಗೆ ಸಿಕ್ಕಿಸಿದ ಕೂಡಲೇ ಸಂಗೀತ ಅರಳಿತು ಎನ್ನುವವರ ಅರಳಿಕೆಯೂ ಬಹುತೇಕ ಇದೇ, ಅಲ್ಲಿ ಸಾಮಾನ್ಯವಾಗಿ ವೋಲ್ಟ್ ಎರಡು ಪಟ್ಟು. ಹಾಗಾಗಿ ಒಂದೇ ಶ್ರುತಿಯ ಸದ್ದು ಹಾಕಿ, ಮಲ್ಟಿಮೀಟರ್ ಹಿಡಿದು, ಎರಡನ್ನೂ ಸಮ ಮಾಡಿದೆವು.

ಸ್ವಿಚ್ ಅಕ್ಕನ ಕೈಗೆ. ಅಳಿಯ ಬೆನ್ನು ತಿರುಗಿಸಿ ಕೂತ. ಟಕ್ ಎಂದಾಗಲೆಲ್ಲ ತೀರ್ಪು ಕೊಟ್ಟ: ‘ಇದು ನನ್ನದು, ಹಿನ್ನೆಲೆ ನೋಡಿ ಎಷ್ಟು ಕಪ್ಪಗಿದೆ.’ ‘ಇದು ಡಾಂಗಲ್, ಸ್ಟೇಜ್ ಕುಸಿದುಹೋಯ್ತು.’ (ಸ್ಟೇಜ್ ಅಂದರೆ ವಾದ್ಯಗಳು ಸುತ್ತ ಹರಡಿ ಕೂತಂತೆ ಕೇಳುವ ಭಾಸ.) ಅಕ್ಕ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಗುರುತು ಹಾಕುತ್ತ ಹೋದಳು. ಕೂಡಿಸಿ ನೋಡಿದರೆ ಸರಿ ತಪ್ಪು ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಅಕ್ಕ ಕೊನೆಗೆ, ‘ಒಲೆ ಮೇಲೆ ಸಾರು ಇತ್ತು ಕಣೋ, ಆಮೇಲಾಮೇಲೆ ನಾನು ಬದಲಾಯಿಸಲೇ ಇಲ್ಲ, ಸುಮ್ನೆ ಎರಡು ಸಲ ಟಕ್ ಟಕ್ ಅನ್ನಿಸಿ ಅಲ್ಲಿಗೇ ತಂದು ಬಿಡ್ತಿದ್ದೆ’ ಎಂದುಬಿಟ್ಟಳು. ಅಷ್ಟು ಹೊತ್ತೂ ಅವನು ಒಂದೇ ಆಂಪಿನೊಳಗೆ ಸ್ಟೇಜ್ ಕುಸಿಯುವುದನ್ನೂ ಮತ್ತೆ ಎದ್ದು ನಿಲ್ಲುವುದನ್ನೂ ಕೇಳಿದ್ದ.

ಅಳಿಯ ಸ್ವಲ್ಪ ಹೊತ್ತು ಸ್ವಿಚ್ ಬಾಕ್ಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಅವನ ಮುಖಕ್ಕೆ ಕಳೆ ಬಂತು.

‘ಮಾವ, ಇದೆಷ್ಟು ಕೊಟ್ಟಿರಿ?’

‘ಇನ್ನೂರೈವತ್ತು.’

‘ಅದೇ ಮತ್ತೆ! ಎರಡರ ವ್ಯತ್ಯಾಸಾನೂ ಇದೇ ನುಂಗಿದೆ.’

ಈಗ ಬೆಳ್ಳಿಯ ಕಾಂಟ್ಯಾಕ್ಟ್ ಇರುವ ಸ್ವಿಚ್ ಬಾಕ್ಸೊಂದನ್ನು ಹೊರದೇಶದಿಂದ ತರಿಸುತ್ತಿದ್ದಾನೆ. ಅದಕ್ಕೂ 200 ಗಂಟೆ ಬರ್ನ್ ಇನ್ ಬೇಕಂತೆ, ಅಲ್ಲಿಯವರೆಗೆ ಮರುಪರೀಕ್ಷೆ ಕೇಳಬಾರದಂತೆ.