ಅಡ್ವಾನ್ಸ್ ಕೇಳದ ಆಸ್ಪತ್ರೆ

ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಫೋನ್ ಹಚ್ಚಬೇಕು. ಐದು ನಿಮಿಷ ತಡವಾದರೆ ಆ ದಿನದ ಜಿಪಿ (ಫ್ಯಾಮಿಲಿ ಡಾಕ್ಟರ್) ಅಪಾಯಿಂಟ್‌ಮೆಂಟ್ ಮುಗಿದೇ ಹೋಗಿರುತ್ತದೆ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಮಗಳ ಕಿವಿನೋವಿಗೆಂದು ಹೀಗೆ ಫೋನ್ ಹಿಡಿದು ಕೂತಿದ್ದೆ. ನಿಮ್ಮ ಮುಂದೆ ಇನ್ನೂ ಇಪ್ಪತ್ಮೂರು ಜನ ಇದ್ದಾರೆ ಎಂದಿತು ಆ ಕಡೆಯ ದನಿ. ಊರಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಡಾಕ್ಟರಿಗೆ ತೋರಿಸಿಕೊಂಡು ಮನೆಗೆ ವಾಪಸ್ ಬಂದಿರುತ್ತಿದ್ದೆವು. ಸಿಟ್ಟು ಬಂತು.

ಆ ಸಿಟ್ಟಿಗೆ ಕಾರಣವಿದೆ. ತಜ್ಞರ ಚಿಕಿತ್ಸೆಗೆ ಕಾಯುತ್ತಿರುವವರಲ್ಲಿ ನೂರಕ್ಕೆ 92 ಮಂದಿಯ ಕಾಯುವಿಕೆ 18 ವಾರ ದಾಟಬಾರದು ಎಂಬುದು ಇಲ್ಲಿನ ನಿಯಮ. 2016ರ ನಂತರ ಎನ್‌ಎಚ್‌ಎಸ್, ಅಂದರೆ ಚಿಕಿತ್ಸೆಗೆ ದುಡ್ಡು ಕೇಳದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಒಂದು ಸಲವೂ ಆ ಗುರಿ ಮುಟ್ಟಿಲ್ಲ. 2023ರಲ್ಲಿ ಕಾಯುವವರ ಪಟ್ಟಿ 77 ಲಕ್ಷ ಪ್ರಕರಣಗಳಿಗೆ ಏರಿತ್ತು. ಪೂರ್ತಿ ಪುಕ್ಕಟೆಯೂ ಅಲ್ಲ. ನಾವು ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿ ಬಂದವರು, ಈಗದು ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್.

ಆದರೂ ನಾನು ಈ ವ್ಯವಸ್ಥೆಯ ಪರ. ಯಾಕೆಂದರೆ ಚಿಕ್ಕಪ್ಪ ಸೊಂಟ ಮುರಿದುಕೊಂಡಾಗ ನಾನು ಊರಲ್ಲೇ ಇದ್ದೆ. ಖಾಸಗಿ ಆಸ್ಪತ್ರೆಯಲ್ಲಿ ಒಂದೇ ಗಂಟೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಆಮೇಲೆ ಕೌಂಟರಿನಲ್ಲಿ "ಅಡ್ವಾನ್ಸ್ ಕಟ್ಟಿ ಬನ್ನಿ" ಅಂದರು. ಬಿಪಿಎಲ್ ಕುಟುಂಬಕ್ಕಾದರೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಚಿಕ್ಕಪ್ಪನದು ಎಪಿಎಲ್ ಕಾರ್ಡ್, ಅದಕ್ಕೆ ಸರ್ಕಾರ ಕೊಡುವುದು ತಾನೇ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ. ಅವರ ಮಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಒತ್ತುತ್ತಾ ಸಾಲ ಕೇಳಿದ. ನಮ್ಮಲ್ಲಿ ಕ್ಯೂ ಚಿಕ್ಕದಾಗಿ ಕಾಣುತ್ತದೆ, ನಿಜ. ದುಡ್ಡು ಹೊಂದದವರು ಆ ಕ್ಯೂಗೆ ಬರುವುದೇ ಇಲ್ಲ. ಅವರನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ.

ಜಿಪಿ ನೋಡಲು ಒಂದಿಷ್ಟು ಫೀಸು ಇಟ್ಟರೆ ಕ್ಯೂ ಕರಗುತ್ತದೆ ಎಂದು ಇಲ್ಲಿ ಆಗಾಗ ಯಾರಾದರೂ ಹೇಳುತ್ತಿರುತ್ತಾರೆ. 1948ರಲ್ಲಿ ಎನ್‌ಎಚ್‌ಎಸ್ ಕಟ್ಟಿದ ಅನ್ಯುರಿನ್ ಬೆವನ್, ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ದುಡ್ಡು ಕೇಳುತ್ತಾರೆಂದು 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. ಅವರು ಮಾಡಿದ್ದು ಸರಿ ಎನ್ನುತ್ತೇನೆ. ಫೀಸಿಗೆ ಹೆದರಿ ಬಾರದೇ ಹೋಗುವವರು ಬಡವರು, ಅವರಿಗೇನು ಕಾಯಿಲೆ ಕಡಿಮೆಯೇ?

ಕ್ಯೂ ಬೆಳೆಯುವುದು ಮುಂಬಾಗಿಲಲ್ಲಿ ಮಾತ್ರವಲ್ಲ, ಗುಣವಾದವರು ಹೊರಹೋಗಬೇಕಾದ ಹಿಂಬಾಗಿಲಲ್ಲೂ. ನಮ್ಮ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ ನ್ಯುಮೋನಿಯಾದಿಂದ ಗುಣವಾದ ಮೇಲೂ ಹನ್ನೊಂದು ದಿನ ವಾರ್ಡಿನಲ್ಲೇ ಉಳಿದರು. ಮನೆಯಲ್ಲಿ ಸ್ನಾನ ಮಾಡಿಸಲು, ಎಬ್ಬಿಸಿ ಕೂರಿಸಲು ಆಳಿರಲಿಲ್ಲ. ಆ ಆರೈಕೆ ಎನ್‌ಎಚ್‌ಎಸ್ ಲೆಕ್ಕಕ್ಕೆ ಬರುವುದಿಲ್ಲ, ಅದು ಸ್ಥಳೀಯ ಕೌನ್ಸಿಲಿನದು, ಅದೂ ಆಸ್ತಿ ಆದಾಯ ನೋಡಿ ಕೊಡುವಂಥದ್ದು. 2025ರ ಜುಲೈನಲ್ಲಿ ಬಂದ ಹತ್ತು ವರ್ಷದ ಯೋಜನೆ, ಚಿಕಿತ್ಸೆಯನ್ನು ಆಸ್ಪತ್ರೆಯಿಂದ ಮನೆಯ ಹತ್ತಿರಕ್ಕೆ ತರುತ್ತೇವೆ ಎನ್ನುತ್ತದೆ. ತರಲಿ. ಆದರೆ ಮೊದಲು ಈ ಆರೈಕೆಯವರಿಗೆ ಒಳ್ಳೆಯ ಸಂಬಳ ಕೊಡಲಿ. ನಾನು ನೋಡಲು ಹೋದ ದಿನ ಅಜ್ಜಿ ಕೋಟು ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಅವತ್ತೂ ಬಿಡಲಿಲ್ಲ.